ಅಂತ್ಯಕಾಲದ ವಾರ್ತೆ ಮತ್ತು ಅದರ ವೀಕ್ಷಕರು



ಅಮೆರಿಕದ ಟೆಲಿವಿಷನ್ನಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ವಾರಕ್ಕೊಮ್ಮೆ ಬರುತ್ತಿದ್ದ ಅರ್ಧ ಗಂಟೆಯ ಕಾರ್ಯಕ್ರಮವೊಂದಿತ್ತು. ಮೇಲುನೋಟಕ್ಕೆ ಅದು ವಾರ್ತಾಪ್ರಸಾರದಂತೆಯೇ ಕಾಣುತ್ತಿತ್ತು. ತೆರೆಯ ಮೇಲೆ ಗಂಡ ಹೆಂಡತಿ ಇಬ್ಬರು. ಹೆಂಡತಿ ಅಚ್ಚುಕಟ್ಟಾಗಿ ಸಿಂಗರಿಸಿಕೊಂಡು, ಮುಗುಳುನಗೆ ಮಾಸದಂತೆ, ಆ ವಾರದ ಪತ್ರಿಕೆಗಳ ತಲೆಬರಹಗಳನ್ನು ಒಂದೊಂದಾಗಿ ಓದುತ್ತಿದ್ದರು. ಭೂಕಂಪ, ಕ್ಷಾಮ, ರಷ್ಯದ ಸೇನೆ, ಯುರೋಪಿನ ಹೊಸ ನಾಣ್ಯ, ಇಸ್ರೇಲಿನ ಗಡಿ ತಂಟೆ, ಸುದ್ದಿ ಯಾವುದೇ ಇರಲಿ, ಓದಿ ಮುಗಿಸಿ ಗಂಡನ ಕಡೆ ತಿರುಗುವರು. ಇದರ ಬಗ್ಗೆ ಬೈಬಲಿನಲ್ಲಿ ಏನಿದೆ ಎಂಬುದೇ ಅವರ ಪ್ರಶ್ನೆ. ಗಂಡ ಪುಸ್ತಕ ತೆರೆಯುತ್ತಿರಲಿಲ್ಲ. ಅಧ್ಯಾಯ ಇಷ್ಟು, ವಚನ ಇಷ್ಟು ಎಂದು ಕಂಠಪಾಠದಿಂದಲೇ ಒಂದರ ಹಿಂದೊಂದು ಉದುರಿಸುತ್ತಾ ಹೋಗುವರು. ಕೊನೆಗೆ ಹೊರಡುತ್ತಿದ್ದ ತೀರ್ಮಾನ ಪ್ರತಿ ವಾರವೂ ಒಂದೇ: ಕ್ರಿಸ್ತನ ಪುನರಾಗಮನ ಹತ್ತಿರವಾಗಿದೆ, ಈ ಲೋಕದ ಕಾಲ ಮುಗಿಯುತ್ತಾ ಬಂದಿದೆ.

ಆ ಗಂಡನ ಹೆಸರು ಜಾಕ್ ವ್ಯಾನ್ ಇಂಪಿ. ಹೆಂಡತಿ ರೆಕ್ಸೆಲ್ಲಾ. ಬೆಲ್ಜಿಯಂನಿಂದ ವಲಸೆ ಬಂದ ದಂಪತಿಯ ಮಗನಾಗಿ 1931ರಲ್ಲಿ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದ ಜಾಕ್, ತಂದೆಯ ಜೊತೆ ಅಕಾರ್ಡಿಯನ್ ನುಡಿಸುತ್ತಾ ಬೆಳೆದವರು. ಸಾವಿರಾರು ವಚನಗಳು ಬಾಯಿಗೇ ಬರುತ್ತಿದ್ದುದರಿಂದ ಜನ ಅವರನ್ನು 'ನಡೆದಾಡುವ ಬೈಬಲ್' ಎಂದು ಕರೆದರು. 1988ರಿಂದ 2020ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರ ಕಾರ್ಯಕ್ರಮದ ಧಾಟಿ ಬದಲಾಗಲಿಲ್ಲ.

ಒಂದೇ ಕಾರ್ಯಕ್ರಮವನ್ನು ಇಷ್ಟು ಬೇರೆ ಬೇರೆ ಕಣ್ಣುಗಳಿಂದ ಜನ ನೋಡಿದ್ದುಂಟೆ ಎಂದು ಸೋಜಿಗವಾಗುತ್ತದೆ. ಒಬ್ಬರಿಗೆ ಅದು ವಾರದ ಊಟದಷ್ಟೇ ಅಗತ್ಯ. ಮತ್ತೊಬ್ಬರಿಗೆ ತಡರಾತ್ರಿಯ ಪುಕ್ಕಟೆ ಹಾಸ್ಯ. ಮೂರನೆಯವರಿಗೆ ಬಾಲ್ಯದ ಭಯವನ್ನು ಮತ್ತೆ ಕೆದಕುವ ದನಿ. ಇಂದಿನ ವಿಷಯ ಬೋಧಕರಿಗಿಂತ ಹೆಚ್ಚಾಗಿ ಈ ವೀಕ್ಷಕರು. ಆದರೆ ಅವರ ಜಗಳ ಅರ್ಥವಾಗಬೇಕಾದರೆ ಬೋಧನೆ ಏನೆಂಬುದು ಮೊದಲು ಗೊತ್ತಿರಬೇಕು.

ಕ್ರಿಸ್ತನು ಮರಳಿ ಬರುವನೆಂಬ ನಂಬಿಕೆ ಎಲ್ಲ ಕ್ರೈಸ್ತರಿಗೂ ಸಮಾನವಾದದ್ದು. ಎಂದು, ಹೇಗೆ ಎಂಬಲ್ಲಿ ದಾರಿಗಳು ಕವಲಾಗುತ್ತವೆ. ಟೆಲಿವಿಷನ್ ಬೋಧಕರಲ್ಲಿ ಬಹುಪಾಲು ಜನ ಹೇಳುವ ಕ್ರಮ ಹೆಚ್ಚು ಹಳೆಯದಲ್ಲ. ಅದನ್ನು ವ್ಯವಸ್ಥಿತವಾಗಿ ರೂಪಿಸಿದವರು ಹತ್ತೊಂಬತ್ತನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿ. ಐರ್ಲೆಂಡ್ ಮತ್ತು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ, ಪ್ಲಿಮತ್ ಬ್ರದರನ್ ಪಂಥದ ಮುಖಂಡ. ಅವರ ಪ್ರಕಾರ ಮೊದಲು ನಿಜವಾದ ವಿಶ್ವಾಸಿಗಳೆಲ್ಲ ಇದ್ದಕ್ಕಿದ್ದಂತೆ ಭೂಮಿಯಿಂದ ಮೇಲಕ್ಕೆ ಒಯ್ಯಲ್ಪಡುತ್ತಾರೆ. ಇದನ್ನೇ ಅಮೆರಿಕನ್ನರು ರ್ಯಾಪ್ಚರ್ ಎನ್ನುವುದು. ಆಮೇಲೆ ಉಳಿದವರ ಪಾಲಿಗೆ ಏಳು ವರ್ಷಗಳ ಮಹಾಸಂಕಟ. ಕ್ರಿಸ್ತವಿರೋಧಿಯೊಬ್ಬ ಲೋಕವನ್ನೆಲ್ಲ ಆಳುತ್ತಾನೆ. ಕೊನೆಗೆ ಹರ್ಮಗೆದೋನ್ ಯುದ್ಧ, ಕ್ರಿಸ್ತನ ಆಗಮನ, ಸಾವಿರ ವರ್ಷಗಳ ಶಾಂತಿಯ ಆಳ್ವಿಕೆ. 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲ್ ಈ ವಿವರಣೆಯನ್ನು ವಚನಗಳ ಕೆಳಗೇ ಅಡಿಟಿಪ್ಪಣಿಯಾಗಿ ಕೊಟ್ಟಿತು. ಓದುವವರಿಗೆ ಮೂಲವೆಲ್ಲಿ ಮುಗಿಯಿತು, ಟಿಪ್ಪಣಿ ಎಲ್ಲಿ ಶುರುವಾಯಿತು ಎಂಬ ಗೆರೆ ಎಷ್ಟೋ ಸಲ ಅಳಿಸಿಹೋಯಿತು.

1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾಯಿತು, 1967ರ ಯುದ್ಧದಲ್ಲಿ ಜೆರುಸಲೇಮಿನ ಹಳೆಯ ನಗರ ಅದರ ಕೈಸೇರಿತು. ಡಾರ್ಬಿಯ ಅನುಯಾಯಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ. 1970ರಲ್ಲಿ ಹ್ಯಾಲ್ ಲಿಂಡ್ಸೆ ಎಂಬುವರು ಕ್ಯಾರೊಲ್ ಕಾರ್ಲ್‌ಸನ್ ಜೊತೆ ಸೇರಿ 'ದಿ ಲೇಟ್ ಗ್ರೇಟ್ ಪ್ಲಾನೆಟ್ ಅರ್ತ್' ಎಂಬ ಪುಸ್ತಕ ಬರೆದರು. ಕಾದಂಬರಿಗಳನ್ನು ಬಿಟ್ಟರೆ ಆ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ಅದು. ಯೆಹೆಜ್ಕೇಲನ ಗ್ರಂಥದ ಗೋಗ್ ಎಂದರೆ ಸೋವಿಯತ್ ಒಕ್ಕೂಟ, ಪ್ರಕಟನೆಯ ಹತ್ತು ಕೊಂಬುಗಳ ಮೃಗವೆಂದರೆ ಒಂದಾಗುತ್ತಿರುವ ಯುರೋಪು ಎಂದು ಲಿಂಡ್ಸೆ ವಿವರಿಸಿದರು. ಯುರೋಪಿನ ಆರ್ಥಿಕ ಸಮುದಾಯಕ್ಕೆ 1981ರಲ್ಲಿ ಗ್ರೀಸ್ ಸೇರಿದಾಗ ಸದಸ್ಯರ ಸಂಖ್ಯೆ ಸರಿಯಾಗಿ ಹತ್ತಾಯಿತು. ಆಗ ಈ ಪಂಥದವರಿಗಾದ ರೋಮಾಂಚನವನ್ನು ಊಹಿಸಬಹುದು. ಐದೇ ವರ್ಷಕ್ಕೆ ಸ್ಪೇನ್, ಪೋರ್ಚುಗಲ್ ಸೇರಿ ಹನ್ನೆರಡಾಯಿತು. ಕೊಂಬುಗಳ ಲೆಕ್ಕವನ್ನು ಬೋಧಕರು ಬೇರೆ ರೀತಿ ಮಾಡಬೇಕಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಕಣ್ಮರೆಯಾದಾಗಲೂ ಅಷ್ಟೇ. ಬೋಧನೆ ನಿಲ್ಲಲಿಲ್ಲ, ಹೆಸರುಗಳು ಬದಲಾದವು.

ಟೆಲಿವಿಷನ್ ಇದಕ್ಕೆ ಹೇಳಿ ಮಾಡಿಸಿದಂಥ ಮಾಧ್ಯಮ ಆದದ್ದಕ್ಕೆ ಹಣಕಾಸಿನ ಕಾರಣವೂ ಇದೆ. ಅಮೆರಿಕದ ಕೇಂದ್ರಗಳು ಸಾರ್ವಜನಿಕ ಹಿತದ ಬಾಬ್ತಿನಲ್ಲಿ ಧಾರ್ಮಿಕ ಕಾರ್ಯಕ್ರಮಗಳಿಗೆ ಸಮಯ ಕೊಡುವ ರೂಢಿಯಿತ್ತು. ಹಳೆಯ ದೊಡ್ಡ ಸಭೆಗಳಿಗೆ ಅದು ಉಚಿತವಾಗಿ ಸಿಗುತ್ತಿತ್ತು. 1960ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ, ಹಣ ಪಡೆದು ಮಾರಿದ ಸಮಯವನ್ನೂ ಅದೇ ಲೆಕ್ಕಕ್ಕೆ ಹಿಡಿಯಬಹುದು ಎಂದಿತು. ಪುಕ್ಕಟೆ ಕೊಡುವುದನ್ನು ಮಾರಬಹುದಾದರೆ ಯಾವ ವ್ಯಾಪಾರಿ ಬಿಟ್ಟಾನು? ಹಣ ಕೊಡಲು ಸಿದ್ಧರಿದ್ದ ಸ್ವತಂತ್ರ ಬೋಧಕರು ಮುಂದೆ ಬಂದರು, ಹಳೆಯ ಸಭೆಗಳು ಹಿಂದೆ ಸರಿದವು. ಅಂದಿನಿಂದ ಬೋಧಕನು ಗಂಟೆಯನ್ನು ಕೊಳ್ಳುತ್ತಾನೆ, ಆ ಗಂಟೆಯ ಬೆಲೆಯನ್ನು ವೀಕ್ಷಕರಿಂದಲೇ ಎತ್ತಬೇಕಾಗುತ್ತದೆ. ಪ್ಯಾಟ್ ರಾಬರ್ಟ್‌ಸನ್ ಅವರ ಪ್ರಸಿದ್ಧ '700 ಕ್ಲಬ್' ಎಂಬ ಹೆಸರು ಬಂದದ್ದೇ ಹಾಗೆ. ತಮ್ಮ ಸಣ್ಣ ಕೇಂದ್ರದ ಖರ್ಚು ತೂಗಿಸಲು 1963ರಲ್ಲಿ ಅವರು ತಿಂಗಳಿಗೆ ಹತ್ತು ಡಾಲರ್ ಕೊಡುವ ಏಳುನೂರು ಜನ ಬೇಕೆಂದು ವೀಕ್ಷಕರನ್ನು ಕೇಳಿದ್ದರು. ಹಣ ಕೇಳುವವನಿಗೆ ತುರ್ತು ಬೇಕು. ಲೋಕವೇ ಮುಗಿಯಲಿದೆ ಎನ್ನುವುದಕ್ಕಿಂತ ದೊಡ್ಡ ತುರ್ತು ಇರಲಾರದು. ಹಾಗೆಂದ ಮಾತ್ರಕ್ಕೆ ಬೋಧಕರೆಲ್ಲ ನಂಬದ್ದನ್ನು ಹೇಳಿ ಹಣ ಮಾಡಿದರು ಎಂದರೆ ಅದು ಅನ್ಯಾಯವಾದೀತು. ವ್ಯಾನ್ ಇಂಪಿಯಂಥವರು ತಾವು ಹೇಳಿದ್ದನ್ನು ನಂಬಿದ್ದರು ಎಂಬುದರಲ್ಲಿ ಅವರ ಟೀಕಾಕಾರರಿಗೂ ಹೆಚ್ಚು ಸಂಶಯವಿದ್ದಂತಿಲ್ಲ.

ಇನ್ನು ನೋಡುವವರ ಕಡೆ ತಿರುಗೋಣ.

ಇವರು ಯಾರು ಎಂಬುದನ್ನು ಅರಿಯಲು 1984ರಲ್ಲಿ ಅನೆನ್‌ಬರ್ಗ್ ಸಂಶೋಧಕರು ಮತ್ತು ಗ್ಯಾಲಪ್ ಸಂಸ್ಥೆ ಜೊತೆಯಾಗಿ ದೊಡ್ಡ ಅಧ್ಯಯನ ನಡೆಸಿದ್ದವು. ಟೆಲಿವಿಷನ್ ಧರ್ಮದಿಂದಾಗಿ ಜನ ಚರ್ಚಿಗೆ ಹೋಗುವುದನ್ನೇ ಬಿಡುತ್ತಾರೆ ಎಂಬ ಆತಂಕ ಆಗಿನ ಪಾದ್ರಿಗಳಲ್ಲಿತ್ತು. ಅಧ್ಯಯನ ಅದನ್ನು ಒಪ್ಪಲಿಲ್ಲ. ಇಂಥ ಕಾರ್ಯಕ್ರಮಗಳ ಕಾಯಂ ವೀಕ್ಷಕರಲ್ಲಿ ವಯಸ್ಸಾದವರು, ಹೆಂಗಸರು ಹೆಚ್ಚು. ಬಹುಪಾಲು ಮಂದಿ ಮೊದಲೇ ಚರ್ಚಿಗೆ ಹೋಗುತ್ತಿದ್ದವರು. ಅಂದರೆ ಬೋಧಕ ಹೊಸಬರನ್ನು ಹಿಡಿಯುತ್ತಿದ್ದುದಕ್ಕಿಂತ, ನಂಬಿದ್ದವರ ನಂಬಿಕೆಗೆ ನೀರೆರೆಯುತ್ತಿದ್ದುದೇ ಹೆಚ್ಚು. ಸ್ಟೂವರ್ಟ್ ಹೂವರ್ ಎಂಬ ವಿದ್ವಾಂಸರು '700 ಕ್ಲಬ್'ನ ವೀಕ್ಷಕರ ಮನೆಗಳಿಗೆ ಹೋಗಿ ಮಾತನಾಡಿಸಿ 1988ರಲ್ಲಿ ಒಂದು ಪುಸ್ತಕ ತಂದರು. ತಮ್ಮಂಥವರು ದೇಶದ ತುಂಬ ಇದ್ದಾರೆ, ತಾವು ಒಂಟಿಯಲ್ಲ ಎಂಬ ಭಾವನೆಯನ್ನು ಕಾರ್ಯಕ್ರಮ ಆ ವೀಕ್ಷಕರಿಗೆ ಕೊಡುತ್ತಿತ್ತು.

ನಂಬಿ ನೋಡುವವರ ಮಾತಿನಲ್ಲಿ ಪದೇ ಪದೇ ಬರುವುದು ಭಯವಲ್ಲ, ಸಮಾಧಾನ. ಇದು ಹೊರಗಿನವರಿಗೆ ಥಟ್ಟನೆ ಹೊಳೆಯುವುದಿಲ್ಲ. ಯುದ್ಧದ ಸುದ್ದಿ ಕೇಳಿ ನಿದ್ದೆಗೆಡುವ ಒಬ್ಬ ಮುದುಕಿಯನ್ನು ಊಹಿಸಿಕೊಳ್ಳಿ. ಮಕ್ಕಳು ದೂರದ ರಾಜ್ಯಗಳಲ್ಲಿ, ಗಂಡ ತೀರಿಕೊಂಡಿದ್ದಾನೆ, ಬೀದಿಯಲ್ಲಿ ಪರಿಚಯದವರು ಉಳಿದಿಲ್ಲ. ವಾರ್ತೆ ಓದುವವನು ಕೆಟ್ಟ ಸುದ್ದಿ ಹೇಳಿ ಎದ್ದುಹೋಗುತ್ತಾನೆ. ಜಾಕ್ ಮತ್ತು ರೆಕ್ಸೆಲ್ಲಾ ಅದೇ ಸುದ್ದಿ ಹೇಳಿ, ಇದೆಲ್ಲ ಮೊದಲೇ ಬರೆದಿಟ್ಟದ್ದು, ದೇವರ ಕೈಮೀರಿ ಏನೂ ನಡೆಯುತ್ತಿಲ್ಲ, ನಿಮಗೆ ಕೇಡಾಗದು ಎನ್ನುತ್ತಾರೆ. ಲೋಕ ಹಾಳಾಗುತ್ತಿದೆ ಎಂಬ ವಾರ್ತೆಯೇ ಆಕೆಗೆ ಭರವಸೆಯಾಗುತ್ತದೆ. ಗಂಡ ಹೆಂಡಿರ ಪರಸ್ಪರ ಮರ್ಯಾದೆ, ಮಾತಿನ ನಯ, ಬೈಗುಳವಿಲ್ಲದ ಮುಖ ಇವೂ ಅವರ ವೀಕ್ಷಕರನ್ನು ಕಟ್ಟಿಹಾಕಿದ್ದವು.

ಆದರೆ ಈ ಗುಂಪಿನೊಳಗೂ ಒಮ್ಮತವಿರಲಿಲ್ಲ. ವ್ಯಾನ್ ಇಂಪಿ ಮೊದಲು ಕಟ್ಟಾ ಮೂಲಭೂತವಾದಿ ಬ್ಯಾಪ್ಟಿಸ್ಟರ ವಲಯದಲ್ಲಿ ಬೆಳೆದವರು. 1984ರಲ್ಲಿ ಅವರು ಕ್ರೈಸ್ತರು ತಮ್ಮ ತಮ್ಮಲ್ಲೇ ಹೊಡೆದಾಡುವುದನ್ನು ಖಂಡಿಸಿ ಪುಸ್ತಕ ಬರೆದು, ಬೇರೆ ಪಂಥದವರೊಡನೆ ಸ್ನೇಹಕ್ಕೆ ಕೈಚಾಚಿದರು. ಹಳೆಯ ಸಂಗಡಿಗರಲ್ಲಿ ಕೆಲವರು ಇದನ್ನು ದ್ರೋಹವೆಂದೇ ಭಾವಿಸಿದರು. 2011ರಲ್ಲಿ ಕಥೆ ತಿರುಗುಮುರುಗಾಯಿತು. ರಿಕ್ ವಾರೆನ್, ರಾಬರ್ಟ್ ಶುಲ್ಲರ್ ಎಂಬ ಹೆಸರಾಂತ ಬೋಧಕರು ಕ್ರೈಸ್ತ ಮತವನ್ನು ಇಸ್ಲಾಮಿನೊಡನೆ ಬೆರೆಸುತ್ತಿದ್ದಾರೆಂದು ಅವರು ಹೆಸರು ಹಿಡಿದು ಆರೋಪಿಸಿದರು. ಟ್ರಿನಿಟಿ ಬ್ರಾಡ್‌ಕಾಸ್ಟಿಂಗ್ ಜಾಲ ಆ ಕಂತನ್ನು ತಡೆಹಿಡಿಯಿತು. ವ್ಯಾನ್ ಇಂಪಿ ಆ ಜಾಲದ ಸಂಬಂಧವನ್ನೇ ಕಡಿದುಕೊಂಡರು. ಸತ್ಯ ಹೇಳಿದ್ದಕ್ಕೆ ಶಿಕ್ಷೆಯಾಯಿತು ಎಂದವರೂ ಇದ್ದರು, ಮುದುಕ ಎಲ್ಲೆ ಮೀರಿದ ಎಂದವರೂ ಇದ್ದರು.

ಎರಡನೆಯ ಬಗೆಯ ವೀಕ್ಷಕರು ನಗುವುದಕ್ಕೆಂದು ಕೂರುವವರು. ಕಾಲೇಜು ಹುಡುಗರು, ನಾಸ್ತಿಕರು, ನಿದ್ದೆ ಬಾರದವರು. ಅವರಿಗೆ ಸಿಕ್ಕ ದೊಡ್ಡ ಬಹುಮಾನವೆಂದರೆ 2001ರ ಇಗ್ ನೊಬೆಲ್. ವಿಚಿತ್ರ ಸಂಶೋಧನೆಗಳಿಗೆ ತಮಾಷೆಯಾಗಿ ಕೊಡುವ ಈ ಪ್ರಶಸ್ತಿಯನ್ನು ಆ ವರ್ಷ ಖಭೌತ ವಿಜ್ಞಾನ ವಿಭಾಗದಲ್ಲಿ ವ್ಯಾನ್ ಇಂಪಿ ದಂಪತಿಗೆ ಘೋಷಿಸಲಾಯಿತು. ಬಾಹ್ಯಾಕಾಶದ ಕಪ್ಪುಕುಳಿಗಳು ನರಕವಿರಲು ಬೇಕಾದ ಎಲ್ಲ ಲಕ್ಷಣಗಳನ್ನೂ ಹೊಂದಿವೆ ಎಂದು ಅವರು ಕಾರ್ಯಕ್ರಮದಲ್ಲಿ ಹೇಳಿದ್ದೇ ಕಾರಣ. ಹೀಗೆ ನಗಲು ಕೂತವರು ಕೆಲವೊಮ್ಮೆ ವರ್ಷಗಟ್ಟಲೆ ಒಂದು ವಾರವೂ ತಪ್ಪಿಸದೆ ನೋಡಿದ್ದುಂಟು. ಅಂಥವರಲ್ಲಿ ದಂಪತಿಯ ಬಗ್ಗೆ ಒಂದು ಬಗೆಯ ಅಕ್ಕರೆಯೂ ಬೆಳೆದಿರುತ್ತದೆ.

ಮೂರನೆಯವರು ನಗುವುದಿಲ್ಲ. ಇವರು ಇದೇ ಬೋಧನೆಯ ಮನೆಗಳಲ್ಲಿ ಬೆಳೆದು ಆಮೇಲೆ ಹೊರಬಂದವರು. 1972ರಲ್ಲಿ ಅಯೊವಾದಲ್ಲಿ ತಯಾರಾದ 'ಎ ಥೀಫ್ ಇನ್ ದಿ ನೈಟ್' ಎಂಬ ಚಿತ್ರವನ್ನು ಅಮೆರಿಕದ ಚರ್ಚುಗಳಲ್ಲಿ, ಯುವಕರ ಶಿಬಿರಗಳಲ್ಲಿ ಪರದೆ ಕಟ್ಟಿ ತೋರಿಸುತ್ತಿದ್ದರು. ಹೆಂಡತಿ ಬೆಳಿಗ್ಗೆ ಏಳುತ್ತಾಳೆ, ಗಂಡ ಇಲ್ಲ. ಕ್ಷೌರದ ಯಂತ್ರ ಮಾತ್ರ ತನ್ನಷ್ಟಕ್ಕೆ ಗುಯ್‌ಗುಡುತ್ತಿದೆ. ಅವನು ಒಯ್ಯಲ್ಪಟ್ಟ, ಅವಳು ಉಳಿದಳು. ಎಂಟು ಹತ್ತು ವರ್ಷದ ಮಕ್ಕಳು ಇದನ್ನು ನೋಡಿದರೆ ಏನಾದೀತು? ಶಾಲೆಯಿಂದ ಮನೆಗೆ ಬಂದಾಗ ಅಮ್ಮ ಕಾಣದಿದ್ದರೆ ಎದೆ ಝಲ್ಲೆಂದು, ತನ್ನೊಬ್ಬನನ್ನೇ ಬಿಟ್ಟು ಎಲ್ಲರೂ ಹೋದರು ಎಂದು ಅತ್ತದ್ದನ್ನು ಆ ಪೀಳಿಗೆಯ ಎಷ್ಟೋ ಜನ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಿರಬಹುದು. ಆ ಐದು ನಿಮಿಷ ಮಾತ್ರ ಮರೆಯುವುದಿಲ್ಲ. ಇಂಥವರಿಗೆ ಟೆಲಿವಿಷನ್ ಬೋಧಕನ ನಗುಮುಖ ಸಹಿಸಲಾಗದ ವಸ್ತು. ಅಜ್ಜಿಗೆ ಸಮಾಧಾನ ತಂದದ್ದೇ ಮೊಮ್ಮಗನಿಗೆ ದುಃಸ್ವಪ್ನವಾಗುವುದು ಒಂದೇ ಮನೆಯೊಳಗೆ ನಡೆಯುತ್ತದೆ.

ಅತ್ಯಂತ ಗಟ್ಟಿ ವಿರೋಧ ಬಂದಿರುವುದು ನಾಸ್ತಿಕರಿಂದಲ್ಲ, ಬೈಬಲನ್ನು ಅಷ್ಟೇ ಶ್ರದ್ಧೆಯಿಂದ ಓದುವ ಇತರ ಕ್ರೈಸ್ತರಿಂದ ಎಂಬುದನ್ನು ಗಮನಿಸಬೇಕು. ಕ್ಯಾಥೊಲಿಕ್ ಮತ್ತು ಲೂಥರನ್ ಸಭೆಗಳಲ್ಲಿ, ಪ್ರೆಸ್ಬಿಟೇರಿಯನ್ನರಲ್ಲಿ ಬಹುಮಂದಿ ಸಾವಿರ ವರ್ಷದ ಆಳ್ವಿಕೆಯನ್ನು ಸಾಂಕೇತಿಕವೆಂದೇ ತಿಳಿಯುತ್ತಾರೆ. ಐದನೆಯ ಶತಮಾನದ ಸಂತ ಅಗಸ್ಟೀನನಿಂದ ಬಂದ ದಾರಿ ಅದು. ಪ್ರಕಟನೆ ಗ್ರಂಥ ಬರೆದವನು ತನ್ನ ಕಾಲದ ರೋಮನ್ ಸಾಮ್ರಾಜ್ಯದ ಹಿಂಸೆಯ ಬಗ್ಗೆ, ಆಗಿನ ಏಷ್ಯಾ ಪ್ರಾಂತದ ಏಳು ಸಭೆಗಳಿಗೆ ಬರೆದ. ಅದರಲ್ಲಿ ಬ್ರಸೆಲ್ಸ್, ಮಾಸ್ಕೊ ಹುಡುಕುವುದು ಸರಿಯಲ್ಲ ಎಂಬುದು ಅನೇಕ ಪಂಡಿತರ ವಾದ. ಎಲ್ಲಕ್ಕಿಂತ ಸರಳವಾದ ಆಕ್ಷೇಪ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲೇ ಇದೆ. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಸ್ವತಃ ಯೇಸುವೇ ಹೇಳಿದ್ದಾನಲ್ಲ, ನೀವು ಯಾರು ಹೇಳಲು ಎಂಬ ಪ್ರಶ್ನೆ. ಜಾಣ ಬೋಧಕರು ಇದಕ್ಕೆ ಉತ್ತರ ಸಿದ್ಧವಿಟ್ಟುಕೊಂಡಿರುತ್ತಾರೆ. ದಿನ ಗೊತ್ತಿಲ್ಲ, ಋತು ಗೊತ್ತು. ಅಂಜೂರದ ಮರ ಚಿಗುರಿದರೆ ಬೇಸಿಗೆ ಹತ್ತಿರವೆಂದು ತಿಳಿಯುವುದಿಲ್ಲವೇ ಎನ್ನುತ್ತಾರೆ. ಅಂಜೂರವೆಂದರೆ ಇಸ್ರೇಲ್, ಚಿಗುರಿದ್ದು 1948, ಒಂದು ತಲೆಮಾರೆಂದರೆ ನಲವತ್ತು ವರ್ಷ ಎಂದು ಲಿಂಡ್ಸೆ ಸೂಚಿಸಿದ್ದರಿಂದ 1988ರ ಮೇಲೆ ಅನೇಕರು ಕಣ್ಣಿಟ್ಟು ಕೂತರು. ನಾಸಾದಲ್ಲಿ ಎಂಜಿನಿಯರ್ ಆಗಿದ್ದ ಎಡ್ಗರ್ ವಿಸೆನಾಂಟ್ ಆ ವರ್ಷದ ಸೆಪ್ಟೆಂಬರಿನಲ್ಲೇ ರ್ಯಾಪ್ಚರ್ ಎನ್ನಲು 88 ಕಾರಣಗಳಿವೆಯೆಂದು ಪುಸ್ತಕ ಪ್ರಕಟಿಸಿದರು. ಸೆಪ್ಟೆಂಬರ್ ಬಂತು, ಹೋಯಿತು. ಲಿಂಡ್ಸೆ 2024ರ ನವೆಂಬರಿನಲ್ಲಿ, 95 ವರ್ಷ ತುಂಬಿದ ಮೇಲೆ ತೀರಿಕೊಂಡರು.

ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಜಾನ್ ಹೇಗಿ ಎಂಬ ಬೋಧಕರ 'ರಕ್ತಚಂದ್ರ'ದ ಪ್ರಕರಣ ಪಂಚಾಂಗ ನೋಡಿ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. 2014 ಮತ್ತು 2015ರಲ್ಲಿ ಸಾಲಾಗಿ ನಾಲ್ಕು ಪೂರ್ಣ ಚಂದ್ರಗ್ರಹಣಗಳಾದವು. ನಾಲ್ಕೂ ಯಹೂದ್ಯರ ಪಸ್ಕ ಹಬ್ಬ ಮತ್ತು ಪರ್ಣಶಾಲೆಗಳ ಹಬ್ಬದಂದೇ ಬಿದ್ದವು. ಗ್ರಹಣದ ಚಂದ್ರ ಕೆಂಪಾಗುವುದರಿಂದ, ಚಂದ್ರ ರಕ್ತವಾಗುವನೆಂಬ ಪ್ರವಾದನೆ ನೆರವೇರುತ್ತಿದೆ, ಇಸ್ರೇಲಿನಲ್ಲಿ ಲೋಕವನ್ನೇ ಬದಲಿಸುವ ಘಟನೆ ನಡೆಯಲಿದೆ ಎಂದು ಹೇಗಿ 2013ರಲ್ಲೇ ಪುಸ್ತಕ ಬರೆದಿದ್ದರು. ಲಕ್ಷಾಂತರ ಜನ ಕೊಂಡು ಓದಿದರು. ಆದರೆ ಚಂದ್ರಗ್ರಹಣ ಆಗುವುದೇ ಹುಣ್ಣಿಮೆಯಂದು. ಯಹೂದ್ಯರದು ಚಾಂದ್ರಮಾನ ತಿಂಗಳು; ಆ ಎರಡು ಹಬ್ಬಗಳು ಶುರುವಾಗುವುದೂ ತಿಂಗಳ ಹದಿನೈದಕ್ಕೆ, ಅಂದರೆ ಹುಣ್ಣಿಮೆಯ ಆಸುಪಾಸು. ಎರಡಕ್ಕೂ ನಡುವೆ ಆರು ತಿಂಗಳ ಅಂತರ, ಗ್ರಹಣಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಕೂಡಿಬರುವುದರಲ್ಲಿ ಅಂಥ ಪವಾಡವಿಲ್ಲ. ಇಂಥ ನಾಲ್ಕರ ಸಾಲು ಈ ಶತಮಾನದಲ್ಲೇ ಎಂಟು ಸಲ ಬರುತ್ತದೆ ಎಂದು ಖಗೋಳಶಾಸ್ತ್ರಜ್ಞರು ಲೆಕ್ಕ ಕೊಟ್ಟರು. 2015ರ ಸೆಪ್ಟೆಂಬರ್ 28ರ ಗ್ರಹಣ ಮುಗಿಯಿತು. ಹೇಗಿಯವರ ಸಭಿಕರು ಕರಗಲಿಲ್ಲ.

ಇದನ್ನು ಕೇಳಿ ನಗುವ ಮುನ್ನ ಇಲ್ಲಿನ ಹಿರಿಯರು 1962ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಬಹುದು. ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟ, ಪ್ರಳಯವಾಗುತ್ತದೆ ಎಂದು ಭಾರತದ ಉದ್ದಗಲಕ್ಕೂ ಹೋಮ ಹವನಗಳು ನಡೆದವು, ಪ್ರಯಾಣಗಳು ಮುಂದಕ್ಕೆ ಹೋದವು. ಅಮೆರಿಕದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸವೆಂದರೆ, ನಮ್ಮಲ್ಲಿ ಆ ಭಯ ಮೂರು ದಿನಕ್ಕೆ ಮುಗಿಯಿತು. ಅಲ್ಲಿ ಅದು ವಾರಕ್ಕೊಮ್ಮೆ ಬರುತ್ತದೆ.

ಹೇಗಿಯವರ ವಿಷಯ ಗ್ರಹಣಕ್ಕೆ ನಿಲ್ಲುವುದಿಲ್ಲ. 2006ರಲ್ಲಿ ಅವರು ಇಸ್ರೇಲಿನ ಬೆಂಬಲಕ್ಕಾಗಿ ಕ್ರೈಸ್ತರ ದೊಡ್ಡ ಸಂಘಟನೆಯೊಂದನ್ನು ಕಟ್ಟಿದರು. 2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿನಲ್ಲಿ ತೆರೆದಾಗ ಸಮಾರಂಭದ ಕೊನೆಯ ಪ್ರಾರ್ಥನೆ ಮಾಡಿದವರು ಅವರೇ. ಹೀಗಾಗಿ ಯಹೂದಿ ವೀಕ್ಷಕರಲ್ಲೂ ಎರಡು ಮಾತಿದೆ. ಕಷ್ಟಕಾಲಕ್ಕೆ ಜೊತೆ ನಿಲ್ಲುವ ಮಿತ್ರರು, ಅವರ ದೇವತಾಶಾಸ್ತ್ರ ನಮಗೇಕೆ ಎನ್ನುವವರು ಒಂದು ಕಡೆ. ಮಹಾಸಂಕಟದ ಕಾಲದಲ್ಲಿ ಯಹೂದ್ಯರಲ್ಲಿ ಮೂರನೇ ಎರಡು ಪಾಲು ಸಾಯುವರು, ಉಳಿದವರು ಕ್ರಿಸ್ತನನ್ನು ಒಪ್ಪುವರು ಎಂಬುದು ಈ ಬೋಧನೆಯ ಭಾಗವೇ ಆಗಿರುವಾಗ ಇದೆಂಥ ಪ್ರೀತಿ ಎಂದು ಕೇಳುವವರು ಇನ್ನೊಂದು ಕಡೆ. ಹಿಟ್ಲರನ ಕಾಲದ ಸಂಕಟವೂ ದೇವರ ಯೋಜನೆಯಲ್ಲಿತ್ತು ಎಂಬರ್ಥದ ಹೇಗಿಯವರ ಹಳೆಯ ಪ್ರಸಂಗವೊಂದು 2008ರಲ್ಲಿ ಬಯಲಿಗೆ ಬಂದಾಗ, ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಜಾನ್ ಮೆಕೇನ್ ಅವರ ಬೆಂಬಲವೇ ಬೇಡವೆಂದರು. ಅತ್ತ ಜೆರುಸಲೇಮಿನ ಅರಬ್ ಕ್ರೈಸ್ತರ ಕಷ್ಟ ಬೇರೆಯೇ. ಅಮೆರಿಕದ ಬೋಧಕನ ನಕ್ಷೆಯಲ್ಲಿ ಅವರಿಗೆ ಸ್ಥಳವೇ ಇಲ್ಲ. 2006ರ ಆಗಸ್ಟಿನಲ್ಲಿ ಅಲ್ಲಿನ ನಾಲ್ಕು ಸಭೆಗಳ ಮುಖ್ಯಸ್ಥರು ಈ ಬೋಧನೆಯನ್ನು ತಿರಸ್ಕರಿಸಿ ಘೋಷಣೆಯನ್ನೇ ಹೊರಡಿಸಿದರು.

ಹಣದ ಬಗ್ಗೆ ಎಲ್ಲರಿಗೂ ಕೋಪ ಬರುವಂತೆ ಮಾಡಿದವರು ಜಿಮ್ ಬ್ಯಾಕರ್. ಎಂಬತ್ತರ ದಶಕದಲ್ಲಿ ದೊಡ್ಡ ಟೆಲಿವಿಷನ್ ಸಾಮ್ರಾಜ್ಯ ಕಟ್ಟಿ, 1989ರಲ್ಲಿ ವಂಚನೆಗಾಗಿ ಶಿಕ್ಷೆಗೊಳಗಾಗಿ, 1994ರಲ್ಲಿ ಜೈಲಿನಿಂದ ಹೊರಬಂದರು. ತಾನು ತಪ್ಪು ಮಾಡಿದ್ದೆ ಎಂದು ಪುಸ್ತಕವನ್ನೂ ಬರೆದರು. 2003ರಲ್ಲಿ ಮತ್ತೆ ತೆರೆಗೆ ಬಂದಾಗ ಹಿಡಿದ ವಿಷಯ ಅಂತ್ಯಕಾಲ. ಮಹಾಸಂಕಟಕ್ಕೆ ಮುನ್ನೆಚ್ಚರಿಕೆಯಾಗಿ ವರ್ಷಗಟ್ಟಲೆ ಕೆಡದ ಒಣ ಆಹಾರವನ್ನು ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ತುಂಬಿ ಕಾರ್ಯಕ್ರಮದಲ್ಲೇ ಮಾರಿದರು. 2020ರಲ್ಲಿ ಕೊರೊನಾ ಬಂದಾಗ ಬೆಳ್ಳಿಯ ದ್ರಾವಣವೊಂದನ್ನು ಅದಕ್ಕೆ ಪರಿಹಾರವೆಂಬಂತೆ ಮಾರಿದರೆಂದು ಮಿಸೌರಿ ರಾಜ್ಯ ಮೊಕದ್ದಮೆ ಹೂಡಿತು. 2021ರಲ್ಲಿ ತಪ್ಪೊಪ್ಪಿಕೊಳ್ಳದೆ, ಕೊಂಡವರಿಗೆ ಸುಮಾರು 1,56,000 ಡಾಲರ್ ಹಿಂದಿರುಗಿಸಲು ಒಪ್ಪಿ ರಾಜಿಯಾದರು. ಆದರೂ ಅವರ ಕಾಯಂ ವೀಕ್ಷಕರಲ್ಲಿ ಅನೇಕರಿಗೆ ಅವರು ಬಿದ್ದು ಎದ್ದ ಮನುಷ್ಯ. ಬಿದ್ದವನನ್ನು ಕ್ಷಮಿಸುವುದು ಅವರ ಧರ್ಮವೇ ತಾನೆ. ಪರರ ತಪ್ಪಿಗೆ ಕಣ್ಣು ಮುಚ್ಚುವ ಭೋಳೆತನಕ್ಕೂ ಕ್ಷಮೆಗೂ ಗೆರೆ ಎಲ್ಲಿದೆ ಎಂಬುದರ ಮೇಲೆ ಆ ಮನೆಗಳಲ್ಲಿ ನಡೆದಿರುವ ಜಗಳ ಕಡಿಮೆಯದಲ್ಲ.

ದಿನಾಂಕ ಹೇಳಿಬಿಟ್ಟವರ ಕಥೆ ಮಾತ್ರ ಪ್ರತ್ಯೇಕ. ಹೆರಾಲ್ಡ್ ಕ್ಯಾಂಪಿಂಗ್ ಮುಖ್ಯವಾಗಿ ರೇಡಿಯೊ ಮನುಷ್ಯ. ವೃತ್ತಿಯಿಂದ ಸಿವಿಲ್ ಎಂಜಿನಿಯರ್, ಕ್ಯಾಲಿಫೋರ್ನಿಯಾದ ಓಕ್ಲೆಂಡಿನ 'ಫ್ಯಾಮಿಲಿ ರೇಡಿಯೊ'ದ ಮುಖ್ಯಸ್ಥ. ಅವರ ಕೇಳುಗರೂ ಮೇಲೆ ಹೇಳಿದ ವೀಕ್ಷಕರಂಥವರೇ. ನೋಹನ ಜಲಪ್ರಳಯ ಕ್ರಿಸ್ತಪೂರ್ವ 4990ರಲ್ಲಿ ಆಯಿತು, ಅದಕ್ಕೆ 7000 ವರ್ಷ ಕೂಡಿಸಿದರೆ 2011, ಆದ್ದರಿಂದ ಆ ವರ್ಷದ ಮೇ 21ರ ಸಂಜೆ ಆರಕ್ಕೆ ತೀರ್ಪಿನ ದಿನ ಎಂದು ಅವರು ಸಾರಿದರು. 1994ರಲ್ಲೂ ಒಮ್ಮೆ ಲೆಕ್ಕ ತಪ್ಪಿತ್ತು ಎಂಬುದು ಅಡ್ಡಿಯಾಗಲಿಲ್ಲ. ಅನೇಕ ದೇಶಗಳಲ್ಲಿ ರಸ್ತೆ ಬದಿಯ ಫಲಕಗಳು ಎದ್ದವು. ಕೆಲಸ ಬಿಟ್ಟು ವ್ಯಾನುಗಳಲ್ಲಿ ಊರೂರು ಸುತ್ತಿ ಕರಪತ್ರ ಹಂಚಿದವರಿದ್ದರು. ನ್ಯೂಯಾರ್ಕಿನ ನಿವೃತ್ತ ಸಾರಿಗೆ ನೌಕರರೊಬ್ಬರು ತಮ್ಮ ಜೀವಮಾನದ ಉಳಿತಾಯವೆನ್ನಬಹುದಾದ 1,40,000 ಡಾಲರುಗಳನ್ನು ಸುರಂಗ ರೈಲು, ಬಸ್ ನಿಲ್ದಾಣಗಳ ಜಾಹೀರಾತಿಗೆ ಸುರಿದರು. ಆ ಸಂಜೆ ಅವರು ಟೈಮ್ಸ್ ಸ್ಕ್ವೇರಿನಲ್ಲಿ ನಿಂತಿದ್ದರು. ಸುತ್ತ ವರದಿಗಾರರು, ಪ್ರವಾಸಿಗರು, ಗೇಲಿ ಮಾಡುವವರು. ಆರು ಗಂಟೆ ಕಳೆಯಿತು. ಏಕೆ ಏನೂ ಆಗಲಿಲ್ಲವೆಂದು ತನಗೆ ಅರ್ಥವಾಗುತ್ತಿಲ್ಲ ಎಂದಷ್ಟೇ ಅವರು ಸುದ್ದಿಗಾರರಿಗೆ ಹೇಳಿದರು.

ತೀರ್ಪು ಆಗಿದೆ, ಆದರೆ ಆತ್ಮಿಕವಾಗಿ ಆಗಿದೆ. ಲೋಕದ ಕೊನೆ ಅಕ್ಟೋಬರ್ 21ಕ್ಕೆ ಎಂದು ಕ್ಯಾಂಪಿಂಗ್ ಎರಡು ದಿನದ ಮೇಲೆ ಹೇಳಿದರು. ಜೂನಿನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಅಕ್ಟೋಬರ್ 21 ಕೂಡ ಕಳೆಯಿತು. ಅದೇ ವರ್ಷದ ಇಗ್ ನೊಬೆಲ್ ಗಣಿತ ಬಹುಮಾನವನ್ನು, ಲೆಕ್ಕ ಮಾಡುವಾಗ ಎಚ್ಚರವಿರಬೇಕೆಂದು ಲೋಕಕ್ಕೆ ಕಲಿಸಿದ್ದಕ್ಕಾಗಿ, ಅವರಿಗೂ ರಾಬರ್ಟ್‌ಸನ್ ಮೊದಲಾದ ಇನ್ನೂ ಐವರಿಗೂ ಹಂಚಲಾಯಿತು. ಹಣ ಕಳೆದುಕೊಂಡವರಿಗೆ ಹಿಂದಿರುಗಿಸಿರೆಂದು ಕೂಗೆದ್ದಿತು. ನಾವು ಜಾಹೀರಾತು ಮಾಡಿರೆಂದು ಕೇಳಿರಲಿಲ್ಲ, ನಂಬಿದ್ದು ನಿಮ್ಮ ಇಷ್ಟ ಎನ್ನುವುದು ಒಂದು ವಾದ. ಮುಪ್ಪಿನಲ್ಲಿ ದುಡಿದದ್ದೆಲ್ಲ ಕಳೆದುಕೊಂಡವನ ಮುಂದೆ ನಿಂತು ಆ ವಾದ ಹೇಳುವುದು ಸುಲಭವಲ್ಲ.

ಇಷ್ಟಾದರೂ ನಂಬಿಕೆ ಕುಗ್ಗಿದಂತಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಶೇಕಡಾ 39 ಮಂದಿ ತಾವು ಅಂತ್ಯಕಾಲದಲ್ಲೇ ಬದುಕುತ್ತಿದ್ದೇವೆ ಎಂದರು, ಶೇಕಡಾ 58 ಮಂದಿ ಇಲ್ಲವೆಂದರು. ಇವಾಂಜೆಲಿಕಲ್ ಪ್ರೊಟೆಸ್ಟಂಟರಲ್ಲಿ ಹೌದೆಂದವರು ಶೇಕಡಾ 63, ಕ್ಯಾಥೊಲಿಕರಲ್ಲಿ ಶೇಕಡಾ 27. ಕರಿಯರ ಐತಿಹಾಸಿಕ ಪ್ರೊಟೆಸ್ಟಂಟ್ ಸಭೆಗಳಲ್ಲಿ ಈ ಪ್ರಮಾಣ ಶೇಕಡಾ 76. ಟೆಲಿವಿಷನ್ ಬೋಧಕರ ವೀಕ್ಷಕರೆಂದರೆ ಬಿಳಿಯ ಮುದುಕರು ಎಂಬ ಚಿತ್ರವನ್ನಷ್ಟೇ ತಲೆಯಲ್ಲಿಟ್ಟುಕೊಂಡವರು ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ. ಗುಲಾಮಗಿರಿಯ ಕಾಲದಿಂದಲೂ ಬಿಡುಗಡೆಯ ದಿನಕ್ಕಾಗಿ ಕಾದ ಸಭೆಗಳವು. ಅಲ್ಲಿ ಅಂತ್ಯಕಾಲವೆಂಬ ಮಾತಿಗೆ ಬೇರೆಯೇ ಅರ್ಥವಿರಬಹುದು.

ಕ್ಯಾಂಪಿಂಗ್ 2012ರ ಮಾರ್ಚಿನಲ್ಲಿ ಕೇಳುಗರಿಗೆ ಒಂದು ಪತ್ರ ಬರೆದರು. ದಿನ ಗೊತ್ತುಮಾಡಲು ಹೊರಟದ್ದು ಪಾಪವಾಯಿತು, ಆ ದಿನ ಯಾರಿಗೂ ತಿಳಿಯದೆಂಬ ವಚನವನ್ನು ತಮಗೆ ನೆನಪಿಸಿದವರೇ ಸರಿ ಎಂದು ಒಪ್ಪಿಕೊಂಡರು. ಇನ್ನು ಮುಂದೆ ಲೆಕ್ಕ ಹಾಕುವುದಿಲ್ಲ ಎಂದರು. 2013ರ ಡಿಸೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಕೆಲವು ದೊಡ್ಡ ಕೇಂದ್ರಗಳನ್ನು ಮಾರಿ ಉಳಿದುಕೊಂಡ ಫ್ಯಾಮಿಲಿ ರೇಡಿಯೊ, ಅವರ ಹಳೆಯ ಧ್ವನಿಮುದ್ರಣಗಳನ್ನು ಇನ್ನೂ ಕೆಲವು ವರ್ಷ ಪ್ರಸಾರ ಮಾಡುತ್ತಲೇ ಇತ್ತು. 2018ರಲ್ಲಿ ಅದನ್ನೂ ನಿಲ್ಲಿಸಿತು.